ಸವುಳು ನೀರೂ ಅಯಸ್ಕಾಂತದ ಕೊಳವೆಯೂ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿರುವ ತಲಘಟ್ಟಪುರವು ರೇಷ್ಮೆ ಬೇಸಾಯಗಾರರಿಗೆ ಹೊಸ ಹೆಸರಲ್ಲ. ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ಇರುವುದು ಇಲ್ಲಿಯೇ. 2021ನೆಯ ಇಸವಿ ಜನವರಿಯಲ್ಲಿ ಮೆಟ್ರೋ ರೈಲು ಈ ಕಡೆಗೆ ಬಂದಾಗ, ತಲಘಟ್ಟಪುರದ ಮುಂದಿನ ನಿಲ್ದಾಣಕ್ಕೆ ‘ರೇಷ್ಮೆ ಸಂಸ್ಥೆ’ ಎಂಬ ಹೆಸರೇ ನಿಂತಿತು. ಊರು ದಿನೇ ದಿನೇ ಪಟ್ಟಣದೊಳಕ್ಕೆ ಸೇರಿಹೋಗುತ್ತಿರುವುದಾದರೂ, ಇದೇ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಕನಕಪುರ, ರಾಮನಗರ ತಾಲ್ಲೂಕುಗಳ ಹಿಪ್ಪುನೇರಳೆ ತೋಟಗಳು ಇಂದಿಗೂ ಸಾವಿರಾರು ಸಂಸಾರಗಳಿಗೆ ಜೀವನಾಧಾರವಾಗಿವೆ.

ಈ ತೋಟಗಳಲ್ಲಿ ಬಹುಭಾಗಕ್ಕೆ ಈಗ ಕೊಳವೆಬಾವಿಯ ನೀರೇ ಗತಿ. ಕೆರೆಯ ತೂಬು, ಕಪಿಲೆಯ ಬಾವಿ ಎಂಬುವು ಅನೇಕ ಗ್ರಾಮಗಳಲ್ಲಿ ಹಳೆಯ ಮಾತಾಗಿಹೋದುವು. ಮಳೆಯ ನೀರು ನೆಲದೊಳಕ್ಕೆ ಇಳಿದು ಬಂಡೆಯ ಬಿರುಕುಗಳಲ್ಲಿ ಎಷ್ಟೆಷ್ಟು ಕಾಲ ನಿಲ್ಲುವುದೋ ಅಷ್ಟಷ್ಟು ಸುಣ್ಣ, ಮೆಗ್ನೀಸಿಯಂ, ಸೋಡಿಯಂ ಮೊದಲಾದ ಲವಣಗಳನ್ನು ಕಲ್ಲಿನಿಂದ ಕರಗಿಸಿಕೊಳ್ಳುತ್ತದೆ. ಬಚ್ಚಲು ನೀರೂ ಚರಂಡಿಯ ನೀರೂ ಇಂಗುವ ಸ್ಥಳಗಳಲ್ಲಿ ಅಡಿಗೆಯ ಉಪ್ಪೂ ಇದರೊಂದಿಗೆ ಸೇರುತ್ತದೆ. ಹೀಗೆ ಲವಣಗಳು ಮಿತಿಮೀರಿ ಸೇರಿದ ನೀರನ್ನೇ ರೈತರು ಸವುಳು ನೀರೆಂದು ಕರೆಯುವುದು. ಬೇಳೆ ಬೇಯದಿರುವುದು, ಸಾಬೂನು ನೊರೆ ಕಟ್ಟದಿರುವುದು, ಕಾಲುವೆಯ ಅಂಚಿನಲ್ಲಿ ನೀರು ಆರಿದ ಮೇಲೆ ಬೆಳ್ಳಗೆ ಪುಡಿ ಉಳಿಯುವುದು, ಇವು ಅದರ ಗುರುತುಗಳೆಂದು ಎಲ್ಲರಿಗೂ ತಿಳಿದಿದೆ.

ಇಂತಹ ನೀರಿಗೆ ಅತಿ ಸುಲಭವಾದ ಚಿಕಿತ್ಸೆಯೊಂದುಂಟೆಂದು ಹೇಳುವವರಿದ್ದಾರೆ. ಪಂಪಿನಿಂದ ಹೊರಡುವ ಕೊಳವೆಗೆ ಬಲವಾದ ಅಯಸ್ಕಾಂತಗಳನ್ನು ಬಿಗಿದರಾಯಿತು. ಅವುಗಳ ನಡುವೆ ಹರಿದು ಬಂದ ನೀರು ಮೃದುವಾಗುವುದೆಂದೂ, ಉಪ್ಪಿನ ಬಾಧೆ ತಗ್ಗುವುದೆಂದೂ, ಬೇರುಗಳು ಅದನ್ನು ಸುಲಭವಾಗಿ ಹೀರುವುದರಿಂದ ಇಳುವರಿಯು ಏರುವುದೆಂದೂ ಅವರ ಹೇಳಿಕೆ. ವಿದ್ಯುತ್ತು ಬೇಕಿಲ್ಲ, ಔಷಧ ಬೇಕಿಲ್ಲ, ಒಂದು ಸಲ ಬಿಗಿದುದು ವರ್ಷಗಟ್ಟಲೆ ಕೆಲಸ ಮಾಡುವುದು ಎಂಬ ಮಾತು ಯಾರಿಗಾದರೂ ಹಿತವಾಗಿಯೇ ಕೇಳಿಸುತ್ತದೆ. ಉಪಕರಣದ ಬೆಲೆ ಸಾವಿರಗಟ್ಟಲೆಯಾಗುವುದಾದರೂ, ಅದು ಮಾತಿನಂತೆ ನಡೆಯುವುದಾದರೆ ಆ ಹಣವು ದೊಡ್ಡದಲ್ಲ. ನಡೆಯದಿದ್ದರೆ ಹೋಗುವುದು ಹಣ ಮಾತ್ರವೂ ಅಲ್ಲ. ನೀರಿಗೆ ಚಿಕಿತ್ಸೆಯಾಯಿತೆಂದು ನೆಚ್ಚಿಕೊಂಡು ಮಣ್ಣಿನ ಕಡೆಗೆ ನೋಡದೆ ನಾಲ್ಕಾರು ವರ್ಷಗಳನ್ನು ಕಳೆದರೆ, ಅಷ್ಟರಲ್ಲಿ ತೋಟವು ಚೌಳಾಗಿರುತ್ತದೆ. ಕೆಟ್ಟ ಮಣ್ಣನ್ನು ತಿದ್ದುವ ಖರ್ಚು ಅಯಸ್ಕಾಂತದ ಬೆಲೆಯನ್ನು ಬಹು ಬೇಗನೆ ಮೀರುತ್ತದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಯುಕ್ತ.

ಮೊದಲು ಲೆಕ್ಕವನ್ನು ನೋಡಬೇಕು. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸುವುದೆಂದರೆ ಸುಮಾರು 1,02,800 ಲೀಟರು ನೀರು ಕೊಟ್ಟಂತೆ. ಬಾವಿಯ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಲವಣವಿದ್ದರೆ (ಇದು ಬಹಳ ಕೆಟ್ಟ ನೀರೇನೂ ಅಲ್ಲ, ಬಾಯಿಗೆ ಸಪ್ಪೆಗಿಂತ ಸ್ವಲ್ಪ ಬೇರೆಯೆನಿಸುವಷ್ಟೇ) ಆ ಒಂದು ಅಂಗುಲದೊಂದಿಗೆ 103 ಕಿಲೋಗ್ರಾಂ ಲವಣವು ಹೊಲಕ್ಕೆ ಬಂದು ಸೇರುತ್ತದೆ. ಹಿಪ್ಪುನೇರಳೆಗೆ ಒಂದು ಸಲಕ್ಕೆ ಒಂದೂವರೆ ಅಂಗುಲದಿಂದ ಎರಡು ಅಂಗುಲದವರೆಗೆ ನೀರು ಬೇಕು. ವರ್ಷದಲ್ಲಿ 20 ಸಲ, ಸಲಕ್ಕೆ ಒಂದೂವರೆ ಅಂಗುಲದಂತೆ ಕೊಟ್ಟರೂ 30 ಅಂಗುಲವಾಯಿತು. ಲವಣದ ಮೊತ್ತವು 3,000 ಕಿಲೋಗ್ರಾಮಿಗೆ ಮೀರಿತು. ಐವತ್ತು ಕಿಲೋಗ್ರಾಮಿನ ಅರವತ್ತು ಮೂಟೆ ಉಪ್ಪನ್ನು ಒಂದೆಕರೆ ತೋಟದಲ್ಲಿ ಪ್ರತಿವರ್ಷವೂ ಹರಡಿದ ಹಾಗೆ. ಗಿಡವು ಹೀರುವುದು ನೀರನ್ನು; ಲವಣದಲ್ಲಿ ತನಗೆ ಬೇಕಾದ ಅಲ್ಪಭಾಗವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಬಿಸಿಲಿಗೆ ಆರುವುದೂ ನೀರೇ. ಉಳಿದ ಲವಣವೆಲ್ಲವೂ ಮಣ್ಣಿನಲ್ಲಿಯೇ ನಿಲ್ಲುತ್ತದೆ, ಮೇಲಿಂದ ಬಿದ್ದ ನೀರು ಅದನ್ನು ಬೇರಿಗಿಂತ ಕೆಳಕ್ಕೆ ತೊಳೆದುಕೊಂಡು ಹೋದ ಹೊರತು.

ಈ ಲವಣವು ಪೈರಿಗೆ ಮಾಡುವ ಕೆಡಕು ಒಂದೇ ಬಗೆಯದಲ್ಲ. ಮಾವಿನಕಾಯಿಯ ಹೋಳಿಗೆ ಉಪ್ಪು ಬೆರಸಿಟ್ಟರೆ ಮಾರನೆಯ ದಿನ ಹೋಳು ಮುದುರಿ ಜಾಡಿಯಲ್ಲಿ ನೀರು ನಿಂತಿರುವುದನ್ನು ಪ್ರತಿ ಮನೆಯಲ್ಲಿಯೂ ಕಾಣಬಹುದು. ಉಪ್ಪು ಹೆಚ್ಚಾಗಿರುವ ಕಡೆಗೆ ನೀರು ಸೆಳೆಯಲ್ಪಡುತ್ತದೆ. ಬೇರಿನ ಸುತ್ತಲಿನ ಮಣ್ಣುನೀರಿನಲ್ಲಿ ಉಪ್ಪು ಹೆಚ್ಚಿದಾಗ ಬೇರಿಗೂ ಇದೇ ತೊಂದರೆ; ನೆಲವು ಹಸಿಯಾಗಿದ್ದರೂ ಗಿಡವು ಬಾಯಾರಿ ಬಾಡುತ್ತದೆ. ರೇಷ್ಮೆಹುಳುವಿಗೆ ಬೇಕಾದ ನೀರೆಲ್ಲವೂ ಸೊಪ್ಪಿನ ಮೂಲಕವೇ ಒದಗಬೇಕಾದುದರಿಂದ, ಹೀಗೆ ಬಾಯಾರಿ ಬೆಳೆದ ಗಿಡದ ಒರಟು ಸೊಪ್ಪು ಹುಳುವಿನ ಮನೆಯವರೆಗೂ ನಷ್ಟವನ್ನು ಕೊಂಡೊಯ್ಯುತ್ತದೆ. ಎರಡನೆಯದಾಗಿ ಸೋಡಿಯಂ ಮತ್ತು ಕ್ಲೋರೈಡುಗಳು ಎಲೆಯಲ್ಲಿ ಸೇರಿಕೊಂಡು ಅಂಚನ್ನು ಸುಡುತ್ತವೆ.

ಮೂರನೆಯದು ಎಲ್ಲಕ್ಕೂ ಕೇಡು. ನೀರಿನಲ್ಲಿ ಸುಣ್ಣಕ್ಕಿಂತ ಸೋಡಿಯಂ ಹೆಚ್ಚಾಗಿದ್ದರೆ, ಅದು ಜೇಡಿಯ ಕಣಗಳಿಗೆ ಅಂಟಿಕೊಂಡಿರುವ ಸುಣ್ಣವನ್ನು ಓಡಿಸಿ ಆ ಸ್ಥಳದಲ್ಲಿ ತಾನು ಕೂರುತ್ತದೆ. ಆಗ ಮಣ್ಣಿನ ಹರಳು ಒಡೆದು, ಒದ್ದೆಯಲ್ಲಿ ಅಂಟಾಗಿಯೂ ಒಣಗಿದಾಗ ಕಲ್ಲಿನಂತೆಯೂ ಆಗುತ್ತದೆ. ನೀರು ಇಳಿಯುವುದಿಲ್ಲ, ಗಾಳಿ ಆಡುವುದಿಲ್ಲ. ನೀರು ಇಳಿಯದ ಮೇಲೆ ಉಪ್ಪನ್ನು ಕೆಳಕ್ಕೆ ತೊಳೆಯುವ ದಾರಿಯೂ ಮುಚ್ಚಿದಂತೆಯೇ.

ಇನ್ನು ಅಯಸ್ಕಾಂತದ ವಿಚಾರ. ಅಯಸ್ಕಾಂತವು ಕಬ್ಬಿಣವನ್ನು ಸೆಳೆಯುತ್ತದೆ, ಉಪ್ಪನ್ನು ಸೆಳೆಯುವುದಿಲ್ಲ. ನೀರನ್ನೂ ಸೆಳೆಯುವುದಿಲ್ಲ, ಕಬ್ಬಿಣವಲ್ಲದ ಬಹುತೇಕ ಪದಾರ್ಥಗಳನ್ನು ಅಯಸ್ಕಾಂತವು ತೀರ ಸ್ವಲ್ಪವಾಗಿ ದೂರಕ್ಕೆ ತಳ್ಳುವುದೆಂದು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು 1845ರಲ್ಲಿ ತೋರಿಸಿದನು, ನೀರೂ ಆ ವರ್ಗಕ್ಕೆ ಸೇರಿದ್ದು. ಆದರೆ ಉಪಕರಣದ ಪರವಾಗಿ ವಾದಿಸುವವರು ಹೇಳುವ ಮಾತು ಬೇರೆ. ಉಪ್ಪು ನೀರಿನಲ್ಲಿ ಕರಗಿದಾಗ ಧನ ಮತ್ತು ಋಣ ವಿದ್ಯುತ್ತುಳ್ಳ ಕಣಗಳಾಗಿ ಬೇರ್ಪಡುತ್ತದೆ. ವಿದ್ಯುತ್ತುಳ್ಳ ಕಣವು ಅಯಸ್ಕಾಂತದ ನಡುವೆ ಚಲಿಸಿದರೆ ಅದರ ಮೇಲೆ ಪಕ್ಕಕ್ಕೆ ಒಂದು ಬಲವು ಬೀಳುತ್ತದೆ. ಇದು ನಿಜವೇ. ವಿದ್ಯುಚ್ಛಕ್ತಿಯ ಮೋಟಾರು ತಿರುಗುವುದು ಇದೇ ಬಲದಿಂದ. ಪ್ರಶ್ನೆಯಿರುವುದು ಆ ಬಲವು ಎಷ್ಟು ಎಂಬುದರಲ್ಲಿ.

ಎರಡಂಗುಲದ ಕೊಳವೆಯಲ್ಲಿ ನೀರು ಸೆಕೆಂಡಿಗೆ ಒಂದು ಮೀಟರು ವೇಗದಿಂದ ಹರಿಯುತ್ತಿರಲಿ. ಅಯಸ್ಕಾಂತದ ಬಲವು ಒಂದು ಟೆಸ್ಲಾದ ಹತ್ತರಲ್ಲಿ ಒಂದು ಭಾಗವಿರಲಿ. ಆಗ ಲವಣದ ಕಣಗಳ ಮೇಲೆ ಬೀಳುವ ಬಲವು, ಕೊಳವೆಯ ಒಂದು ಪಕ್ಕಕ್ಕೂ ಇನ್ನೊಂದು ಪಕ್ಕಕ್ಕೂ ನಡುವೆ ಒಂದು ವೋಲ್ಟಿನ ಸಾವಿರದಲ್ಲಿ ಐದು ಭಾಗದಷ್ಟು ವಿದ್ಯುತ್ತನ್ನು ಕೊಟ್ಟುದಕ್ಕೆ ಸಮ. ಕೈದೀಪದ ಒಂದು ಸೆಲ್ಲಿನಲ್ಲಿಯೇ ಇದರ ಮುನ್ನೂರರಷ್ಟಿರುತ್ತದೆ. ಇತ್ತ ನೀರಿನ ಕಣಗಳು ತಮ್ಮ ಶಾಖದಿಂದಲೇ ಸೆಕೆಂಡಿಗೆ ನೂರಾರು ಮೀಟರು ವೇಗದಲ್ಲಿ ಒಂದನ್ನೊಂದು ತಾಡಿಸುತ್ತಿರುವಾಗ, ಆ ಸಣ್ಣ ಬಲದಿಂದ ಪಕ್ಕಕ್ಕೆ ಸರಿದ ಕಣಗಳು ಅಯಸ್ಕಾಂತವನ್ನು ದಾಟಿದೊಡನೆಯೇ ಮತ್ತೆ ಬೆರೆತುಹೋಗುತ್ತವೆ. ನೀರಿನ ಕಣಗಳ ಗುಂಪುಗಳನ್ನು ಅಯಸ್ಕಾಂತವು ಒಡೆದು ಚಿಕ್ಕದಾಗಿ ಮಾಡುವುದೆಂದು ಹೇಳುವುದೂ ಉಂಟು. ಆ ಗುಂಪುಗಳು ತಾವಾಗಿಯೇ ಒಂದು ಸೆಕೆಂಡಿನ ಲಕ್ಷಕೋಟಿಯಲ್ಲಿ ಕೆಲವೇ ಭಾಗದಷ್ಟು ಕಾಲದಲ್ಲಿ ಕೂಡುತ್ತಲೂ ಒಡೆಯುತ್ತಲೂ ಇರುತ್ತವೆ. ಪಂಪಿನ ಮನೆಯಲ್ಲಿ ಒಡೆದ ಗುಂಪು ಗಿಡದ ಬುಡ ಸೇರುವವರೆಗೆ ಹಾಗೆಯೇ ಉಳಿಯುವುದೆಂಬುದು ಒಪ್ಪತಕ್ಕ ಮಾತಲ್ಲ.

ಲವಣವು ಎಲ್ಲಿಗೂ ಹೋಗಿಲ್ಲವೆಂಬುದನ್ನು ಪರೀಕ್ಷಿಸಲು ಪ್ರಯೋಗಶಾಲೆಯೂ ಬೇಡ. ಅಯಸ್ಕಾಂತಕ್ಕೆ ಮೊದಲು ಒಂದು ಲೀಟರು, ಅದನ್ನು ದಾಟಿದ ಮೇಲೆ ಒಂದು ಲೀಟರು ನೀರನ್ನು ಹಿಡಿದು, ಒಂದೇ ತರದ ಎರಡು ಪಾತ್ರೆಗಳಲ್ಲಿ ಸಣ್ಣ ಉರಿಯಲ್ಲಿ ಪೂರಾ ಇಂಗಿಸಿದರೆ, ತಳದಲ್ಲಿ ಉಳಿಯುವ ಬಿಳಿಯ ಪುಡಿಯ ತೂಕವು ಎರಡರಲ್ಲಿಯೂ ಒಂದೇ ಆಗಿರುತ್ತದೆ.

ಹೀಗೆಂದು ಈ ವಿಷಯವನ್ನು ಪೂರಾ ತಳ್ಳಿಹಾಕುವುದೂ ನ್ಯಾಯವಲ್ಲ. ಅಯಸ್ಕಾಂತದಿಂದ ನೀರನ್ನು ಉಪಚರಿಸುವ ಯೋಚನೆಯು ವ್ಯವಸಾಯದಲ್ಲಿ ಹುಟ್ಟಿದುದಲ್ಲ, ಬಾಯ್ಲರುಗಳ ಮನೆಯಲ್ಲಿ ಹುಟ್ಟಿದ್ದು. ಗಡುಸು ನೀರನ್ನು ಕಾಯಿಸಿದಾಗ ಕೊಳವೆಗಳಲ್ಲಿ ಸುಣ್ಣದ ಕರಿಕೆ ಕಟ್ಟುವುದನ್ನು ತಡೆಯಲು ಬೆಲ್ಜಿಯಂ ದೇಶದ ವೆರ್ಮೈರೆನ್ ಎಂಬಾತನು 1945ರಲ್ಲಿ ಇಂತಹ ಉಪಕರಣಕ್ಕೆ ಹಕ್ಕುಪತ್ರವನ್ನು ಪಡೆದನು. ಸುಣ್ಣದ ವಿಷಯದಲ್ಲಿ ಏನೋ ಸ್ವಲ್ಪ ಸತ್ಯವಿರುವಂತೆಯೂ ಕಾಣುತ್ತದೆ: ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನವರು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಯಸ್ಕಾಂತವನ್ನು ದಾಟಿದ ನೀರನ್ನು ಕಾಯಿಸಿದಾಗ ಸುಣ್ಣವು ಕ್ಯಾಲ್ಸೈಟ್ ಎಂಬ ಗಟ್ಟಿಯಾಗಿ ಅಂಟುವ ಹರಳಿಗಿಂತ ಆರಗೊನೈಟ್ ಎಂಬ ಬೇರೊಂದು ಹರಳಿನ ರೂಪದಲ್ಲಿ ಹೆಚ್ಚಾಗಿ ಬಂದಿತು. ಆದರೆ ಅಮೆರಿಕದ ಸೈನ್ಯದ ಎಂಜಿನಿಯರಿಂಗ್ ಸಂಶೋಧನಾ ಶಾಖೆಯವರು 2001ರ ವರದಿಯಲ್ಲಿ, ಮಾರಾಟದಲ್ಲಿದ್ದ ಮೂರು ಉಪಕರಣಗಳನ್ನು ಉಪಕರಣವಿಲ್ಲದ ಕೊಳವೆಯೊಂದಿಗೆ ಹೋಲಿಸಿ ನೋಡಿ, ಕರಿಕೆಯನ್ನು ತಡೆಯುವುದರಲ್ಲಿ ಯಾವುದರಿಂದಲೂ ಸ್ಪಷ್ಟವಾದ ಅನುಕೂಲವು ಕಾಣಲಿಲ್ಲವೆಂದು ತಿಳಿಸಿದರು. ಕರಿಕೆಯ ವಿಷಯವೇ ಹೀಗೆ ಎರಡು ಪಕ್ಷವಾಗಿ ನಿಂತಿದೆ. ಅಡಿಗೆಯ ಉಪ್ಪಾದರೋ ಸುಣ್ಣದಂತೆ ಹರಳುಗಟ್ಟುವುದೂ ಇಲ್ಲ. ಕೊಳವೆಯಲ್ಲಿ ಕರಗಿಕೊಂಡೇ ಹರಿದುಹೋಗುತ್ತದೆ.

ಬೆಳೆಗಳ ಮೇಲೆ ನಡೆದಿರುವ ಪರೀಕ್ಷೆಗಳಲ್ಲಿ ಹೆಚ್ಚಾಗಿ ಉದಾಹರಿಸಲ್ಪಡುವುದು ಆಸ್ಟ್ರೇಲಿಯದ ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಮಾಹೇಶ್ವರಿ ಮತ್ತು ಗ್ರೇವಾಲ್ ಎಂಬ ವಿದ್ವಾಂಸರು ಮಾಡಿ 2009ರಲ್ಲಿ ಪ್ರಕಟಿಸಿದುದು. ಗಾಜಿನ ಮನೆಯಲ್ಲಿ, ಕುಂಡಗಳಲ್ಲಿ, ಸೆಲರಿ ಎಂಬ ಸೊಪ್ಪಿನ ಗಿಡ, ಸಿಪ್ಪೆಯೊಂದಿಗೆ ತಿನ್ನುವ ಸ್ನೋ ಬಟಾಣಿ ಮತ್ತು ಸಾಧಾರಣ ಬಟಾಣಿ, ಈ ಮೂರನ್ನು ಬೆಳೆಸಿ, ಕುಡಿಯುವ ನೀರು, ಶುದ್ಧಿಮಾಡಿದ ಚರಂಡಿ ನೀರು ಮತ್ತು ಉಪ್ಪು ಬೆರಸಿದ ನೀರುಗಳನ್ನು ಅಯಸ್ಕಾಂತದೊಂದಿಗೂ ಅದಿಲ್ಲದೆಯೂ ಕೊಟ್ಟು ನೋಡಿದರು. ಲೀಟರಿಗೆ 3 ಗ್ರಾಂ ಉಪ್ಪಿದ್ದ ನೀರಿನಲ್ಲಿ ಸೆಲರಿಯ ಇಳುವರಿಯು ಅಯಸ್ಕಾಂತದಿಂದ ನೂರಕ್ಕೆ 23ರಷ್ಟೂ, ಶುದ್ಧಿಮಾಡಿದ ಚರಂಡಿ ನೀರಿನಲ್ಲಿ 12ರಷ್ಟೂ ಏರಿತು. ಸ್ನೋ ಬಟಾಣಿಯ ಏರಿಕೆಯು ನೂರಕ್ಕೆ 6ರಿಂದ 8ರವರೆಗೆ. ಸಾಧಾರಣ ಬಟಾಣಿಗೆ ಯಾವ ಪ್ರಯೋಜನವೂ ಆಗಲಿಲ್ಲ. ಮಾರಾಟಗಾರರ ಕಾಗದಗಳಲ್ಲಿ 23 ಎಂಬ ಅಂಕಿಯು ಕಾಣುವಷ್ಟು ಸುಲಭವಾಗಿ ಬಟಾಣಿಯ ಸೊನ್ನೆಯು ಕಾಣುವುದಿಲ್ಲ.

ಅದೇ ಪರೀಕ್ಷೆಯಲ್ಲಿ ರೈತನು ಮುಖ್ಯವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸೆಲರಿ ಮತ್ತು ಸ್ನೋ ಬಟಾಣಿಗಳ ಕಟಾವಾದ ಮೇಲೆ ಕುಂಡದ ಮಣ್ಣನ್ನು ಪರೀಕ್ಷಿಸಿದಾಗ, ಅಯಸ್ಕಾಂತದ ನೀರು ಕೊಟ್ಟ ಮಣ್ಣಿನಲ್ಲಿ ಕ್ಷಾರವು ಸ್ವಲ್ಪ ತಗ್ಗಿ, ಗಿಡಕ್ಕೆ ಒದಗುವ ರಂಜಕವು ಹೆಚ್ಚಿತ್ತು. ಆದರೆ ಲವಣವನ್ನು ತೋರಿಸುವ ವಿದ್ಯುದ್ವಾಹಕತೆಯು ತಗ್ಗದೆ ಏರಿತ್ತು. ಅಂದರೆ ಇಳುವರಿ ಹೆಚ್ಚಿದ ಕುಂಡಗಳಲ್ಲಿಯೂ ಉಪ್ಪು ಮಣ್ಣನ್ನು ಬಿಟ್ಟುಹೋಗಿರಲಿಲ್ಲ. ಒಂದು ಹಂಗಾಮಿನ ಕುಂಡದಲ್ಲಿ ಇದರಿಂದ ತೊಂದರೆಯಿಲ್ಲ. ಹದಿನೈದು ವರ್ಷ ನಿಲ್ಲಬೇಕಾದ ಹಿಪ್ಪುನೇರಳೆ ತೋಟದಲ್ಲಿ ಇದೇ ಮುಖ್ಯ. ತಮ್ಮ ಫಲಿತಾಂಶವು ಮೊದಲ ಹೆಜ್ಜೆಯೆಂದೂ, ಹೊಲಗಳಲ್ಲಿ ಪರೀಕ್ಷೆಯಾಗಬೇಕೆಂದೂ ಆ ವಿದ್ವಾಂಸರೇ ಹೇಳಿದ್ದಾರೆ. ದೆಹಲಿಯ ಭಾರತೀಯ ವ್ಯವಸಾಯ ಸಂಶೋಧನಾ ಸಂಸ್ಥೆಯಲ್ಲಿ ಕಡಲೆ, ಸೂರ್ಯಕಾಂತಿ ಮುಂತಾದುವುಗಳ ಮೇಲೆ ನಡೆದ ಕೆಲಸವನ್ನೂ ಕೆಲವರು ಇದಕ್ಕೆ ಸಾಕ್ಷಿಯಾಗಿ ತೋರಿಸುವುದುಂಟು. ಅಲ್ಲಿ ಅಯಸ್ಕಾಂತದ ನಡುವೆ ಇಟ್ಟುದು ಬಿತ್ತನೆಯ ಬೀಜವನ್ನು, ನೀರನ್ನಲ್ಲ. ಎರಡನ್ನೂ ಒಂದೆಂದು ತಿಳಿಯಬಾರದು.

ಇಷ್ಟಾದರೂ ಯಾವನಾದರೂ ರೈತನು ತನ್ನ ಬಾವಿಯಲ್ಲಿಯೇ ಪರೀಕ್ಷಿಸಿ ನೋಡಬೇಕೆಂದರೆ ತಡೆಯಲು ಕಾರಣವಿಲ್ಲ. ಪರೀಕ್ಷೆಯು ಪರೀಕ್ಷೆಯಾಗಿರಬೇಕು ಅಷ್ಟೆ. ಸಾಮಾನ್ಯವಾಗಿ ನಡೆಯುವುದೇನೆಂದರೆ, ಬೇಸಗೆಯಲ್ಲಿ ಉಪಕರಣವನ್ನು ಬಿಗಿಯುವರು. ಜೂನ್ ತಿಂಗಳಲ್ಲಿ ಮಳೆ ಬಿದ್ದು ತೋಟವು ಚಿಗುರುವುದು. ಚಿಗುರಿದ ಕೀರ್ತಿಯು ಅಯಸ್ಕಾಂತಕ್ಕೆ ಸಲ್ಲುವುದು. ಹೋದ ವರ್ಷದೊಂದಿಗೆ ಈ ವರ್ಷವನ್ನಾಗಲಿ, ಪಕ್ಕದವನ ತೋಟದೊಂದಿಗೆ ತನ್ನದನ್ನಾಗಲಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಒಂದೇ ತೋಟದಲ್ಲಿ ಸಾಲಿನಿಂದ ಸಾಲಿಗೆ ಸೊಪ್ಪಿನ ತೂಕದಲ್ಲಿ ನೂರಕ್ಕೆ ಹತ್ತರ ವ್ಯತ್ಯಾಸವು ಮಣ್ಣಿನಿಂದಲೇ ಬರುವುದುಂಟು.

ಆದಕಾರಣ ಪಂಪಿನಿಂದ ಎರಡು ಕವಲು ಕೊಳವೆಗಳನ್ನು ಹೊರಡಿಸಿ, ಒಂದಕ್ಕೆ ಮಾತ್ರ ಅಯಸ್ಕಾಂತವನ್ನು ಬಿಗಿಯಬೇಕು. ಇನ್ನೊಂದಕ್ಕೆ ಅದೇ ಗಾತ್ರದ, ಅಯಸ್ಕಾಂತವಲ್ಲದ ತುಂಡನ್ನು ಕಟ್ಟಿದರೆ ಒಳ್ಳೆಯದು. ತೋಟದ ಎಂಟು ಅಥವಾ ಹತ್ತು ಪಟ್ಟಿಗಳನ್ನು ಆರಿಸಿಕೊಂಡು, ಯಾವುದಕ್ಕೆ ಯಾವ ನೀರೆಂಬುದನ್ನು ಚೀಟಿ ಹಾಕಿ ತೀರ್ಮಾನಿಸಬೇಕು. ಚೀಟಿಯೆಂದರೆ ಮಕ್ಕಳಾಟವೆಂದು ನಗಬಾರದು. ಇಂಗ್ಲೆಂಡಿನ ರಾಥಾಮ್‌ಸ್ಟೆಡ್ ಪ್ರಯೋಗಕ್ಷೇತ್ರದಲ್ಲಿ ಫಿಷರ್ ಎಂಬ ಗಣಿತಜ್ಞನು 1920ರ ದಶಕದಲ್ಲಿ ಈ ಕ್ರಮವನ್ನು ತಂದುದರಿಂದಲೇ, ಒಳ್ಳೆಯ ಮಣ್ಣಿನ ಪಟ್ಟಿಯು ಅರಿವಿಲ್ಲದೆ ಅಚ್ಚುಮೆಚ್ಚಿನ ಗೊಬ್ಬರದ ಪಾಲಿಗೆ ಬೀಳುವುದು ತಪ್ಪಿತು. ನೀರಿನ ಅಳತೆ, ಗೊಬ್ಬರ, ಕಟಾವಿನ ದಿವಸ ಎಲ್ಲವೂ ಎರಡು ಗುಂಪಿಗೂ ಒಂದೇ ಇರಬೇಕು. ಪ್ರತಿ ಕಟಾವಿನ ಸೊಪ್ಪನ್ನು ಪಟ್ಟಿವಾರು ತೂಗಿಸಬೇಕು. ತೂಗುವವನಿಗೆ ಯಾವುದು ಯಾವ ಪಟ್ಟಿಯದೆಂದು ತಿಳಿಯದಿರುವುದು ಮೇಲು. ವರ್ಷಕ್ಕೆ ಐದು ಕಟಾವು ಆಗುವ ತೋಟದಲ್ಲಿ ಒಂದು ವರ್ಷದೊಳಗೆ ವಿಶ್ವಾಸಾರ್ಹವಾದ ಲೆಕ್ಕವು ಕೈಗೆ ಬರುತ್ತದೆ. ವರ್ಷದ ಮೊದಲೂ ಕೊನೆಯೂ ಎರಡು ಗುಂಪಿನ ಮಣ್ಣನ್ನೂ ಪರೀಕ್ಷೆಗೆ ಕಳುಹಿಸಬೇಕು. ಹಣವನ್ನು ಕೊಡುವ ಮೊದಲು ಒಂದು ವರ್ಷದ ಮಟ್ಟಿಗೆ ಉಪಕರಣವನ್ನು ಕೊಟ್ಟು ನೋಡಲು ಮಾರುವವನು ಒಪ್ಪುವನೋ ಎಂದು ಕೇಳಿದರೆ ತಪ್ಪೇನೂ ಇಲ್ಲ.

ಹಾಗಾದರೆ ಸವುಳು ನೀರಿನ ಬಾವಿಯುಳ್ಳವನು ಮಾಡತಕ್ಕುದೇನು? ಮೊದಲನೆಯದು ನೀರಿನ ಪರೀಕ್ಷೆ. ಪಂಪನ್ನು ಕಾಲು ಗಂಟೆಯಾದರೂ ಓಡಿಸಿ, ಶುಭ್ರವಾದ ಸೀಸೆಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ, ಒಂದು ಲೀಟರು ನೀರನ್ನು ತುಂಬಿ, ಹೆಸರು, ಗ್ರಾಮ, ಬಾವಿಯ ಆಳ, ತಾರೀಖುಗಳನ್ನು ಬರೆದು, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕಾಗಲಿ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕಾಗಲಿ ಒಪ್ಪಿಸಬಹುದು. ಬಂದ ವರದಿಯಲ್ಲಿ ಎರಡು ಅಂಕಿಗಳನ್ನು ವಿಶೇಷವಾಗಿ ನೋಡಬೇಕು. ಒಂದು ವಿದ್ಯುದ್ವಾಹಕತೆ, ಎಂದರೆ ಒಟ್ಟು ಲವಣದ ಅಳತೆ. ಮೀಟರಿಗೆ 0.7 ಡೆಸಿಸೀಮೆನ್ಸಿಗಿಂತ ಕಡಮೆಯಿದ್ದರೆ ಚಿಂತೆಯಿಲ್ಲ. 3ಕ್ಕೆ ಮೀರಿದರೆ ಬಹು ಎಚ್ಚರಿಕೆ ಬೇಕು. ನಡುವೆ ಇದ್ದರೆ ಮುಂದೆ ಹೇಳುವ ಕ್ರಮಗಳಿಂದ ನಿಭಾಯಿಸಬಹುದು. ಎರಡನೆಯದು ಶೇಷ ಸೋಡಿಯಂ ಕಾರ್ಬೋನೇಟ್. ಇದು ಲೀಟರಿಗೆ 1.25 ಮಿಲಿ-ಈಕ್ವಿವಲೆಂಟಿಗಿಂತ ಕಡಮೆಯಿದ್ದರೆ ನಿರಪಾಯ, 2.5ಕ್ಕೆ ಮೀರಿದರೆ ಮಣ್ಣನ್ನು ಕೆಡಿಸುವಂತಹ ನೀರು.

ವ್ಯಾಧಿಯು ಯಾವುದೆಂದು ತಿಳಿದ ಮೇಲೆ ಔಷಧವು ಬೇರೆಬೇರೆ. ಎರಡನೆಯ ಅಂಕಿಯು ಹೆಚ್ಚಿದ್ದರೆ ಜಿಪ್ಸಂ ಬೇಕು. ಅದರಲ್ಲಿರುವ ಸುಣ್ಣವು ಸೋಡಿಯಮ್ಮನ್ನು ಜೇಡಿಯಿಂದ ಬಿಡಿಸುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡುವಾಗ, ತಗ್ಗಿಸಬೇಕಾದ ಪ್ರತಿಯೊಂದು ಮಿಲಿ-ಈಕ್ವಿವಲೆಂಟಿಗೆ ಶುದ್ಧವಾದ ಜಿಪ್ಸಂ ಸುಮಾರು 9 ಕಿಲೋಗ್ರಾಂ ಬೇಕಾಗುತ್ತದೆ. ನೀರಿನಲ್ಲಿ ಈ ಅಂಕಿಯು 4 ಇದ್ದು ಅದನ್ನು 2.5ಕ್ಕೆ ಇಳಿಸಬೇಕಾದರೆ ಅಂಗುಲಕ್ಕೆ 13 ಕಿಲೋಗ್ರಾಂ. ಪೇಟೆಯ ಜಿಪ್ಸಂ ಅಷ್ಟು ಶುದ್ಧವಲ್ಲವಾದುದರಿಂದ ಸ್ವಲ್ಪ ಹೆಚ್ಚು ಹಾಕಬೇಕು. ನೀರಿನ ದೋಷವು ಬರಿಯ ಅಡಿಗೆಯ ಉಪ್ಪಿನ ಹೆಚ್ಚಳವಾಗಿದ್ದು, ಮಣ್ಣಿನಲ್ಲಿ ನೀರು ಚೆನ್ನಾಗಿ ಇಳಿಯುತ್ತಿದ್ದರೆ ಜಿಪ್ಸಮ್ಮಿನಿಂದ ಉಪಯೋಗವಿಲ್ಲ. ಅಲ್ಲಿ ಬೇಕಾದುದು ತೊಳೆಯುವುದು.

ತೊಳೆಯುವುದೆಂದರೆ ಗಿಡಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ನೀರನ್ನು ಕೊಟ್ಟು, ಆ ಹೆಚ್ಚಿನ ಭಾಗವು ಉಪ್ಪನ್ನು ಬೇರಿಗಿಂತ ಕೆಳಕ್ಕೆ ಒಯ್ಯುವಂತೆ ಮಾಡುವುದು. ವಿದ್ಯುದ್ವಾಹಕತೆಯು 1.5 ಇರುವ ನೀರಿನಿಂದ, ಮಣ್ಣಿನಲ್ಲಿ 2ರವರೆಗೆ ತಾಳುವ ಪೈರನ್ನು ಬೆಳೆಸಬೇಕಾದರೆ, ಕೊಟ್ಟ ನೀರಿನ ಆರು ಪಾಲಿನಲ್ಲಿ ಒಂದು ಪಾಲು ಕೆಳಕ್ಕೆ ಬಸಿದುಹೋಗಬೇಕೆಂಬುದು ಲೆಕ್ಕ. ಕೊಳವೆಬಾವಿ ಬತ್ತುತ್ತಿರುವ ಕಾಲದಲ್ಲಿ ಇದು ಕಠಿಣವೆಂಬುದು ನಿಜ. ಅದೃಷ್ಟವಶಾತ್ ಈ ಸೀಮೆಯಲ್ಲಿ ತೊಳೆಯುವ ಕೆಲಸವನ್ನು ಮಳೆಯು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಬೆಂಗಳೂರಿನ ಸುತ್ತುಮುತ್ತಲಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೆ ಮೇಲ್ಪಟ್ಟು ಮಳೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಅದರ ಜೋರು ಹೆಚ್ಚು. ಮಳೆಯ ನೀರಿನಲ್ಲಿ ಉಪ್ಪಿಲ್ಲ, ಇಲ್ಲಿಯ ಕೆಂಪು ಮಣ್ಣು ನೀರನ್ನು ಬಿಟ್ಟುಕೊಡುವಂತಹುದು. ತೋಟದ ಸುತ್ತ ಬದುವನ್ನು ಭದ್ರಪಡಿಸಿ, ಸಾಲುಗಳ ನಡುವೆ ಮಣ್ಣನ್ನು ಸಡಿಲಿಸಿ, ಬಿದ್ದ ಮಳೆಯು ಹರಿದುಹೋಗದೆ ಅಲ್ಲಿಯೇ ಇಳಿಯುವಂತೆ ಮಾಡಿದರೆ, ವರ್ಷವೆಲ್ಲ ಸೇರಿದ ಉಪ್ಪಿನ ಬಹುಭಾಗವು ಎರಡು ಮೂರು ಒಳ್ಳೆಯ ಮಳೆಗಳಿಗೆ ಕೆಳಗಿಳಿಯುತ್ತದೆ. ಹೊಂಡದಲ್ಲಿ ಮಳೆಯ ನೀರನ್ನು ಹಿಡಿದಿಟ್ಟವರು ಅದನ್ನು ಬಾವಿಯ ನೀರಿಗೆ ಸಮವಾಗಿ ಬೆರಸಿಕೊಂಡರೆ ಉಪ್ಪು ಸರಿಯಾಗಿ ಅರ್ಧಕ್ಕಿಳಿಯುವುದು; ಇದಕ್ಕೆ ಯಾವ ವಾದವೂ ಇಲ್ಲ.

ಬಸಿಯುವುದಕ್ಕೆ ದಾರಿಯಿಲ್ಲದಿದ್ದರೆ ಒಳ್ಳೆಯ ನೀರೂ ಕೆಡಕನ್ನೇ ಮಾಡುವುದೆಂಬುದಕ್ಕೆ ತುಂಗಭದ್ರಾ ಅಚ್ಚುಕಟ್ಟು ಸಾಕ್ಷಿ. ಅಲ್ಲಿ 1953ರಿಂದ ಹರಿದುದು ಹೊಳೆಯ ಸಿಹಿ ನೀರೇ. ಆದರೂ ಕಪ್ಪು ಜೇಡಿಯಲ್ಲಿ ನೀರು ನಿಂತು, ಕೆಳಗಿನ ಉಪ್ಪು ಮೇಲಕ್ಕೆ ಏರಿ, ಬಹಳ ಜಮೀನು ಚೌಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಈ ಭೂಮಿಯನ್ನು ತಿದ್ದಲು ನೆಲದೊಳಗೆ ತೂತುಳ್ಳ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಹೊರಕ್ಕೆ ಬಸಿಯುವ ಕ್ರಮವನ್ನು ಪರೀಕ್ಷಿಸಿದ್ದಾರೆ. ತಲಘಟ್ಟಪುರದ ಕಡೆಯ ಇಳಿಜಾರಿನ ಕೆಂಪು ನೆಲಕ್ಕೆ ಅಷ್ಟು ಖರ್ಚಿನ ಕೆಲಸವು ಬೇಡ. ತಗ್ಗಿನ ತೋಟಗಳಲ್ಲಿ ಮಾತ್ರ ಬಸಿಗಾಲುವೆಯನ್ನು ತೆಗೆದಿಡಬೇಕು.

ಕೊಟ್ಟಿಗೆಯ ಗೊಬ್ಬರವೂ, ಡಯಾಂಚ, ಅಪ್ಸೆಣಬು ಮುಂತಾದ ಹಸುರೆಲೆ ಗೊಬ್ಬರವೂ ಮಣ್ಣಿನ ಹರಳನ್ನು ಉಳಿಸಿ ನೀರು ಇಳಿಯುವಂತೆ ಮಾಡುವುದರಿಂದ ಇಂತಹ ಜಮೀನಿಗೆ ಎರಡು ಪಾಲು ಅವಶ್ಯಕ. ತಳಿಯ ವಿಚಾರವನ್ನೂ ಯೋಚಿಸಬಹುದು. 1997ರಲ್ಲಿ ಬಿಡುಗಡೆಯಾದ ವಿ-1 ತಳಿಯು ಒಳ್ಳೆಯ ಮಣ್ಣು, ಒಳ್ಳೆಯ ನೀರಿದ್ದಲ್ಲಿ ಹೆಚ್ಚು ಸೊಪ್ಪನ್ನು ಕೊಡುವುದು. ಕ್ಷಾರವು ಹೆಚ್ಚಿರುವ ಮಣ್ಣಿಗೆಂದೇ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು ಎ.ಆರ್.-12 ಎಂಬ ತಳಿಯನ್ನು ಬೆಳೆಸಿದ್ದಾರೆ. ಹೊಸದಾಗಿ ನೆಡುವವರು ಕಡ್ಡಿಯನ್ನು ತರುವ ಮೊದಲು ಮಣ್ಣಿನ ವರದಿಯನ್ನು ಕೈಯಲ್ಲಿ ಹಿಡಿದು ತಲಘಟ್ಟಪುರದ ಸಂಸ್ಥೆಯಲ್ಲಿಯೋ ತಾಲ್ಲೂಕಿನ ರೇಷ್ಮೆ ಅಧಿಕಾರಿಗಳಲ್ಲಿಯೋ ವಿಚಾರಿಸಿಕೊಳ್ಳುವುದು ಉತ್ತಮ.

ಕೊನೆಯದಾಗಿ ಹನಿ ನೀರಾವರಿಯವರಿಗೆ ಒಂದೆರಡು ಮಾತು. ಗಡುಸು ನೀರಿನ ಸುಣ್ಣವು ಹನಿಯ ತೂತುಗಳನ್ನು ಕಟ್ಟಿಸಿದಾಗ, ಪ್ರಮಾಣವನ್ನು ತಿಳಿದವರಿಂದ ಕೇಳಿಕೊಂಡು, ಕೊಳವೆಗಳಲ್ಲಿ ಆಮ್ಲವನ್ನು ಹಾಯಿಸಿ ತೊಳೆಯುವುದೇ ರೂಢಿಯಲ್ಲಿರುವ ಕ್ರಮ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಎಂದೂ ಸುರಿಯಕೂಡದು. ಇನ್ನು ಹನಿ ಬಿದ್ದಲ್ಲಿ ಮಣ್ಣು ಉಂಡೆಯಾಗಿ ನೆನೆಯುತ್ತದೆ, ಉಪ್ಪು ಆ ಉಂಡೆಯ ಹೊರ ಅಂಚಿಗೆ ಹೋಗಿ ನಿಲ್ಲುತ್ತದೆ. ಬೇರು ಒಳಗೆ ಸುಖವಾಗಿರುತ್ತದೆ. ಬೇಸಗೆಯ ಕೊನೆಯಲ್ಲಿ ಮೊದಲ ಸಣ್ಣ ಮಳೆಯು ಬಿದ್ದಾಗ ಅಂಚಿನ ಉಪ್ಪು ಕರಗಿ ಬೇರಿನ ಕಡೆಗೇ ಸರಿಯುವುದರಿಂದ, ಮಳೆಯಾದ ಮಾರನೆಯ ದಿನ ತೋಟವು ಬಾಡುವುದನ್ನು ಕಂಡು ಅನೇಕರು ಬೆರಗಾಗುತ್ತಾರೆ. ಮಳೆ ಬಂದಿತೆಂದು ಆಗ ಪಂಪನ್ನು ನಿಲ್ಲಿಸಬಾರದು. ನೆಲವು ಚೆನ್ನಾಗಿ ತೊಯ್ದು ಉಪ್ಪು ಕೆಳಗಿಳಿಯುವವರೆಗೆ, ಆ ಮೊದಲ ಹನಿಮಳೆಗಳಲ್ಲಿ ಹನಿಯ ನೀರನ್ನು ಬಿಡುತ್ತಲೇ ಇರಬೇಕು.